‘ಸಾರಿ’ಯಿಂದ ತೀರದ ಸಾಲ

ಕನ್ನಡ ನಾಡಿನಲ್ಲಿ ಇಂಗ್ಲಿಷ್ ಕಲಿಯದವರ ಬಾಯಲ್ಲಿಯೂ ನೆಲೆಗೊಂಡಿರುವ ಇಂಗ್ಲಿಷ್ ಪದಗಳಲ್ಲಿ ‘ಸಾರಿ’ ಎಂಬುದು ಒಂದು. ಬಸ್ಸಿನ ನೂಕುನುಗ್ಗಲಿನಲ್ಲಿ ಇನ್ನೊಬ್ಬರ ಕಾಲು ತುಳಿದವನು ‘ಸಾರಿ’ ಎನ್ನುತ್ತಾನೆ. ವಾಯಿದೆಗೆ ಸರಿಯಾಗಿ ಹಣ ಹಿಂದಿರುಗಿಸದ ವರ್ತಕನೂ ‘ಸಾರಿ’ ಎನ್ನುತ್ತಾನೆ. ಹಿರಿಯರನ್ನು ನಾಲ್ಕು ಜನರ ಎದುರಿನಲ್ಲಿ ಹೀನೈಸಿ ಮಾತನಾಡಿದ ತರುಣನೂ ಮರುದಿನ ಅದೇ ಪದವನ್ನು ಉಚ್ಚರಿಸಿ, ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾನೆ. ಈ ಮೂರು ತಪ್ಪುಗಳ ತೂಕ ಒಂದೇ ಅಲ್ಲ; ಆದರೆ ಮೂರಕ್ಕೂ ಇಟ್ಟ ತೂಕದ ಕಲ್ಲು ಒಂದೇ. ತಕ್ಕಡಿ ಹಿಡಿದು ಬಲ್ಲವರಿಗೆ ಇದು ಸಂದೇಹವನ್ನು ಹುಟ್ಟಿಸಬೇಕಾದ ಸಂಗತಿ.

ಆದುದರಿಂದ ತಪ್ಪೊಪ್ಪಿಗೆ ಮತ್ತು ಕ್ಷಮೆಗೆ ಸಂಬಂಧಿಸಿದ ಇಂಗ್ಲಿಷ್ ನುಡಿಗಳನ್ನು ಅವುಗಳ ತವರಿನಲ್ಲಿಯೇ ಪರಿಶೀಲಿಸುವುದು ಯುಕ್ತ. ಒಂದು ಭಾಷೆಯನ್ನು ಹಳಿಯುವುದು ಈ ಪರಿಶೀಲನೆಯ ಉದ್ದೇಶವಲ್ಲ. ತಪ್ಪು ಮಾಡಿದವನು ಆಡುವ ಮಾತು ಯಾವ ಕೆಲಸವನ್ನು ಮಾಡುತ್ತದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಸ್ಥೂಲವಾಗಿ ಹೇಳುವುದಾದರೆ ಅಂತಹ ಮಾತಿಗೆ ಮೂರು ಕೆಲಸಗಳುಂಟು. ಆದ ನೋವಿಗೆ ಮರುಗುವುದು ಒಂದು. ಆ ನೋವಿಗೆ ತಾನೇ ಕಾರಣನೆಂದು ಒಪ್ಪುವುದು ಎರಡು. ನೊಂದವರ ಮುಂದೆ ನಿಂತು ಬಿಡುಗಡೆಯನ್ನು ಬೇಡುವುದು ಮೂರು. ಅಂಗಡಿಯ ಭಾಷೆಯಲ್ಲಿ ಹೇಳಿದರೆ, ಸಾಲ ಕೊಟ್ಟವನ ಕಷ್ಟಕ್ಕೆ ಅಯ್ಯೋ ಎನ್ನುವುದು ಬೇರೆ, ಸಾಲಪತ್ರಕ್ಕೆ ಸಹಿ ಹಾಕುವುದು ಬೇರೆ, ಸಾಲವನ್ನು ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುವುದು ಬೇರೆ. ಇಂಗ್ಲಿಷಿನ ನಿತ್ಯದ ಬಳಕೆಯಲ್ಲಿ ಮೊದಲನೆಯ ಕೆಲಸವನ್ನು ಮಾಡಿ ಮೂರನ್ನೂ ಮಾಡಿದಂತೆ ತೋರಿಸುವ ಒಂದು ಸೌಲಭ್ಯವಿದೆ. ಆ ಸೌಲಭ್ಯವೇ ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದುದು.

ಮೊದಲು ಪದಗಳ ಮೂಲವನ್ನು ನೋಡಬಹುದು. ‘ಸಾರಿ’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ನೋವು, ಗಾಯ ಎಂಬ ಅರ್ಥವಿದ್ದ ಪದದಿಂದ ಬಂದುದು. ಹುಣ್ಣು, ನೋವು ಎಂಬ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಸೋರ್’ ಅದರ ಒಡಹುಟ್ಟು. ದುಃಖವೆಂಬ ಅರ್ಥದ ‘ಸಾರೋ’ ಪದವೇ ಅದರ ಮೂಲವೆಂದು ಅನೇಕರು ತಿಳಿಯುವುದುಂಟು. ಅದು ಧ್ವನಿಸಾಮ್ಯದಿಂದ ಹುಟ್ಟಿದ ತಪ್ಪು ತಿಳುವಳಿಕೆ. ಎರಡರ ಬೇರುಗಳೂ ಬೇರೆ ಬೇರೆ. ಹಾಗಾಗಿ ‘ಐ ಆಮ್ ಸಾರಿ’ ಎಂದರೆ ಮೂಲತಃ ‘ನನಗೆ ನೋವಾಗಿದೆ’ ಎಂದಷ್ಟೇ ಅರ್ಥ. ನೋವುಂಟುಮಾಡಿದವನು ಯಾರು ಎಂಬುದು ಆ ವಾಕ್ಯದಲ್ಲಿ ಇಲ್ಲ; ನೋವುಂಡ ಇನ್ನೊಬ್ಬರೂ ಆ ವಾಕ್ಯದಲ್ಲಿ ಇಲ್ಲ. ಆದ್ದರಿಂದಲೇ ಇಂಗ್ಲಿಷ್ ಮಾತನಾಡುವವರು ಸಾವಿನ ಮನೆಗೆ ಹೋದಾಗಲೂ ಇದೇ ಪದದಿಂದ ಸಂತಾಪ ಸೂಚಿಸುತ್ತಾರೆ. ಅಲ್ಲಿ ಅದು ತಪ್ಪೊಪ್ಪಿಗೆಯಲ್ಲವೆಂಬುದನ್ನು ಎಲ್ಲರೂ ಬಲ್ಲರು.

‘ಅಪಾಲಜಿ’ ಎಂಬ ಪದದ ಕಥೆ ಇನ್ನೂ ವಿಚಿತ್ರವಾದುದು. ಅದರ ಗ್ರೀಕ್ ಮೂಲಕ್ಕೆ ಆಪಾದನೆಯ ಎದುರು ಮಾಡುವ ಪ್ರತಿವಾದ ಎಂದು ಅರ್ಥ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯಲ್ಲಿ ಸಾಕ್ರಟೀಸನು ಮಾಡಿದ ಭಾಷಣವನ್ನು ಪ್ಲೇಟೋ ನಿರೂಪಿಸಿದ ಕೃತಿಗೆ ಇಂದಿಗೂ ಇದೇ ಹೆಸರು. ಆ ಭಾಷಣದಲ್ಲಿ ಸಾಕ್ರಟೀಸನು ಕ್ಷಮೆ ಬೇಡುವುದಿಲ್ಲ. ತಾನು ತಪ್ಪಿತಸ್ಥನಲ್ಲವೆಂದು ವಾದಿಸುತ್ತಾನೆ. 1595ರಲ್ಲಿ ಪ್ರಕಟವಾದ ಫಿಲಿಪ್ ಸಿಡ್ನಿಯ ಕಾವ್ಯವಿಚಾರದ ಗ್ರಂಥಕ್ಕೂ ಈ ಹೆಸರಿದ್ದಿತು. ಅದು ಕಾವ್ಯದ ಪರವಾದ ಸಮರ್ಥನೆ. ತಪ್ಪನ್ನು ಒಪ್ಪುವುದೆಂಬ ಅರ್ಥವು ಈ ಪದಕ್ಕೆ ಅನಂತರ ಸೇರಿತು. ‘ಎಕ್ಸ್‌ಕ್ಯೂಸ್’ ಎಂಬುದರ ಲ್ಯಾಟಿನ್ ಮೂಲಕ್ಕೂ ಆಪಾದನೆಯಿಂದ ಹೊರಗಾಗುವುದು ಎಂಬುದೇ ಅರ್ಥ. ಒಂದು ಪದ ನೋವನ್ನು ಹೇಳುತ್ತದೆ, ಮತ್ತೊಂದು ವಾದವನ್ನು ಹೂಡುತ್ತದೆ, ಇನ್ನೊಂದು ಬಾಗಿಲು ಹುಡುಕುತ್ತದೆ. ಎದುರಿಗಿರುವವನ ಕಡೆಗೆ ತಿರುಗಿ ನಿಲ್ಲುವ ಪದಗಳು ‘ಪಾರ್ಡನ್’ ಮತ್ತು ‘ಫರ್ಗಿವ್’ ಎಂಬ ಎರಡು ಮಾತ್ರ. ಎರಡರ ಒಡಲಿನಲ್ಲಿಯೂ ಇರುವುದು ಕೊಡುವುದು, ದಾನ ಮಾಡುವುದು ಎಂಬ ಧಾತು. ಕ್ಷಮೆಯನ್ನು ಪಡೆಯುವವನು ಯಾಚಕ, ಕೊಡುವವನು ದಾನಿ ಎಂಬ ತಿಳಿವು ಆ ಪದಗಳಲ್ಲಿದೆ. ಆದರೆ ನಿತ್ಯದ ಮಾತಿನಲ್ಲಿ ಹಿಂದೆ ಸರಿದಿರುವುವು ಈ ಎರಡು ಪದಗಳೇ ಎಂಬುದನ್ನು ಓದುಗರು ಗಮನಿಸಬೇಕು. ‘ಪಾರ್ಡನ್’ ಎಂಬುದು ಈಗ ಹೆಚ್ಚಾಗಿ ಕಿವಿಗೆ ಬೀಳದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳುವುದಕ್ಕೆ ಉಪಯೋಗವಾಗುತ್ತಿದೆ. ಅದೇ ಮಾತನ್ನು ದನಿಯೇರಿಸಿ ಆಡಿದರೆ ಅದು ಎದುರಿನವನಿಗೆ ಕೊಟ್ಟ ಗದರಿಕೆ!

ಈ ಸೂಕ್ಷ್ಮವನ್ನು ಇಂಗ್ಲಿಷ್ ವಿದ್ವಾಂಸರು ಕಾಣದೆ ಇಲ್ಲ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸಗಳು ಅವರ ನಿಧನಾನಂತರ 1962ರಲ್ಲಿ ಗ್ರಂಥರೂಪದಲ್ಲಿ ಬಂದವು. ಕೆಲವು ಮಾತುಗಳು ಸಂಗತಿಯನ್ನು ವರದಿ ಮಾಡುವುದಿಲ್ಲ, ಆಡಿದಾಗಲೇ ಒಂದು ಕಾರ್ಯವನ್ನು ನೆರವೇರಿಸುತ್ತವೆ ಎಂಬುದು ಅವರ ಪ್ರತಿಪಾದನೆ. ‘ಐ ಅಪಾಲಜೈಸ್’ ಎಂಬುದು ಅಂತಹ ಕಾರ್ಯ. ‘ಐ ರಿಪೆಂಟ್’, ಅಂದರೆ ಪಶ್ಚಾತ್ತಾಪ ಪಡುತ್ತೇನೆ ಎಂಬುದು ಮನಸ್ಸಿನ ಸ್ಥಿತಿಯ ವರ್ಣನೆ. ‘ಐ ಆಮ್ ಸಾರಿ’ ಎಂಬುದು ಇವೆರಡರ ನಡುವೆ ತೂಗಾಡುವ ಮಾತು. ಆಸ್ಟಿನ್ನರ ಈ ವಿಂಗಡಣೆ ಬಹಳ ಉಪಯುಕ್ತವಾದುದು. ಕಾರ್ಯವೂ ಅಲ್ಲದ, ವರ್ಣನೆಯೂ ಅಲ್ಲದ ಈ ಮಧ್ಯಸ್ಥಿತಿಯೇ ‘ಸಾರಿ’ಯ ಜನಪ್ರಿಯತೆಗೆ ಕಾರಣವೆನ್ನಬೇಕು. ಕೇಳುವವನು ಅದನ್ನು ತಪ್ಪೊಪ್ಪಿಗೆ ಎಂದು ಜಮಾ ಮಾಡಿಕೊಳ್ಳಬಹುದು. ಆಡಿದವನು ಅದು ಬರಿಯ ಸಹಾನುಭೂತಿ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಎರಡು ಖಾತೆಗಳು ತಾಳೆಯಾಗದಿದ್ದರೂ ವ್ಯವಹಾರ ಮುಗಿದಂತೆ ಕಾಣುತ್ತದೆ.

ರಾಷ್ಟ್ರಗಳೂ ಈ ಅನುಕೂಲವನ್ನು ಬಳಸಿಕೊಂಡಿವೆ. 2001ರ ಏಪ್ರಿಲ್ 1ರಂದು ಅಮೆರಿಕದ ಒಂದು ಗೂಢಚರ್ಯೆಯ ವಿಮಾನವೂ ಚೀನದ ಒಂದು ಯುದ್ಧವಿಮಾನವೂ ಹೈನಾನ್ ದ್ವೀಪದ ಬಳಿ ಡಿಕ್ಕಿ ಹೊಡೆದವು. ಚೀನದ ಚಾಲಕ ಸತ್ತನು. ಅಮೆರಿಕದ ವಿಮಾನ ದ್ವೀಪದಲ್ಲಿ ಅನುಮತಿಯಿಲ್ಲದೆ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನ ತಡೆದಿರಿಸಿತು. ಚೀನ ಕ್ಷಮಾಯಾಚನೆಯನ್ನು ಕೇಳಿತು. ಅಮೆರಿಕ ತಾನು ತಪ್ಪು ಮಾಡಿಲ್ಲವೆಂದಿತು. ಕೊನೆಗೆ ಏಪ್ರಿಲ್ 11ರಂದು ಅಮೆರಿಕದ ರಾಯಭಾರಿಯ ಪತ್ರವೊಂದು ಚೀನಕ್ಕೆ ಸಂದಿತು. ಚಾಲಕನ ಸಾವಿಗೆ ಒಮ್ಮೆ, ಅನುಮತಿಯಿಲ್ಲದೆ ಇಳಿದುದಕ್ಕೆ ಮತ್ತೊಮ್ಮೆ, ‘ವೆರಿ ಸಾರಿ’ ಎಂಬ ಮಾತು ಅದರಲ್ಲಿದ್ದಿತು. ಚೀನದವರು ಅದನ್ನು ತಮ್ಮ ಭಾಷೆಯಲ್ಲಿ ಆಳವಾದ ಕ್ಷಮಾಯಾಚನೆ ಎಂದು ಪ್ರಕಟಿಸಿದರು. ಅಮೆರಿಕದವರು ಅದು ಕ್ಷಮಾಯಾಚನೆಯಲ್ಲವೆಂದು ತಮ್ಮ ಜನರಿಗೆ ವಿವರಿಸಿದರು. 24 ಮಂದಿಯೂ ಊರು ಸೇರಿದರು. ರಾಜತಂತ್ರಕ್ಕೆ ಇದು ಚಾತುರ್ಯವಾಗಿರಬಹುದು. ಯುದ್ಧವೊಂದು ತಪ್ಪಿದುದಾದರೆ ಅದಕ್ಕೆ ಬೆಲೆಯೂ ಉಂಟು. ಆದರೆ ಅಣ್ಣತಮ್ಮಂದಿರ ನಡುವೆ, ಧಣಿ ಮತ್ತು ಕೆಲಸದವನ ನಡುವೆ ಇಂತಹ ಪತ್ರವ್ಯವಹಾರ ನಡೆದರೆ ಅಲ್ಲಿ ಉಳಿಯುವುದು ಕದನವಿರಾಮ ಮಾತ್ರ, ಮೈತ್ರಿಯಲ್ಲ.

ಈ ಪದದ ದ್ವಂದ್ವವನ್ನು ಕಾನೂನು ಕೂಡ ಎದುರಿಸಬೇಕಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಸಕರೊಬ್ಬರ ಮಗಳು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ವಾಹನ ಬಡಿದು ತೀರಿಕೊಂಡಳು. ವಾಹನ ನಡೆಸಿದವನು ಒಂದು ಮರುಕದ ಮಾತನ್ನೂ ಆಡಲಿಲ್ಲ. ಆಡಿದರೆ ಅದು ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಯೆನಿಸಬಹುದೆಂಬ ಅಂಜಿಕೆ ಅಂದು ಎಲ್ಲೆಡೆ ಇದ್ದಿತು. ಈ ದುಃಖದ ಫಲವಾಗಿ 1986ರಲ್ಲಿ ಆ ರಾಜ್ಯವು, ಅಪಘಾತದ ಅನಂತರ ಆಡಿದ ಸಹಾನುಭೂತಿಯ ಮಾತನ್ನು ಹೊಣೆಗಾರಿಕೆಗೆ ಸಾಕ್ಷ್ಯವಾಗಿ ಬಳಸಬಾರದೆಂದು ಕಾನೂನು ಮಾಡಿತು. 2000ದಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಅದೇ ದಾರಿಯಲ್ಲಿ ನಡೆದು ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ‘ನಿಮಗೆ ನೋವಾದುದಕ್ಕೆ ಮರುಗುತ್ತೇನೆ’ ಎಂಬ ಮಾತಿಗೆ ರಕ್ಷಣೆಯುಂಟು, ‘ತಪ್ಪು ನನ್ನದು’ ಎಂಬ ಮಾತಿಗೆ ರಕ್ಷಣೆಯಿಲ್ಲ. 2006ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತವು ಇನ್ನೂ ಮುಂದೆ ಹೋಗಿ, ತಪ್ಪನ್ನು ಒಪ್ಪಿಕೊಂಡ ಮಾತಿಗೂ ರಕ್ಷಣೆ ನೀಡಿತು. ಅದೇ ವರ್ಷ ಇಂಗ್ಲೆಂಡಿನ ಪರಿಹಾರ ಕಾಯಿದೆಯು ಕ್ಷಮಾಯಾಚನೆಯೊಂದೇ ನಿರ್ಲಕ್ಷ್ಯದ ಒಪ್ಪಿಗೆಯಾಗದೆಂದು ವಿಧಿಸಿತು.

ಈ ಕಾನೂನುಗಳಲ್ಲಿ ಹಿತವೂ ಇದೆ, ಅಪಾಯವೂ ಇದೆ. ವೈದ್ಯನೊಬ್ಬನು ರೋಗಿಯ ಮನೆಯವರ ಮುಂದೆ ವಕೀಲನ ಭಯವಿಲ್ಲದೆ ಮನುಷ್ಯನಂತೆ ಮಾತನಾಡಬಹುದು; ಇದು ಹಿತ. ಆದರೆ ಏನನ್ನೂ ತೆರಬೇಕಾಗಿಲ್ಲದ ಮಾತನ್ನು ಯಾರು ಬೇಕಾದರೂ ಆಡಬಹುದು, ಇದು ಅಪಾಯ. ಆ ಮಾತನ್ನು ಗಾಬರಿಯಾದ ಚಾಲಕನೂ ಆಡುತ್ತಾನೆ, ಲೆಕ್ಕ ಹಾಕಿದ ಕಂಪನಿಯೂ ಆಡುತ್ತದೆ. ಒಂದು ಮಾತಿಗಂತೂ ಈ ಕಾನೂನುಗಳನ್ನು ಮೆಚ್ಚಬೇಕು: ಮರುಕ ಬೇರೆ, ಒಪ್ಪಿಗೆ ಬೇರೆ ಎಂಬುದನ್ನು ನಿತ್ಯದ ಮಾತು ಮರೆಸಿದರೆ, ಕ್ಯಾಲಿಫೋರ್ನಿಯದ ಕಾನೂನು ಅದನ್ನು ನೆನಪಿಸಿತು.

‘ಸಾರಿ’ಗಿಂತಲೂ ತಣ್ಣಗಿನ ಪದ ‘ರಿಗ್ರೆಟ್’. ಅದನ್ನು ಕನ್ನಡದಲ್ಲಿ ‘ವಿಷಾದ’ ಎನ್ನುವುದು ರೂಢಿ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಸೈನಿಕರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಂತೆಯೇ 379 ಮಂದಿ ಮಡಿದರು. 2013ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರನ್ ಅದನ್ನು ನಾಚಿಕೆಗೇಡಿನ ಘಟನೆಯೆಂದು ಸಂದರ್ಶಕರ ಪುಸ್ತಕದಲ್ಲಿ ಬರೆದರು. ಶತಮಾನ ತುಂಬುವ ಕೆಲವೇ ದಿನಗಳ ಮೊದಲು, 2019ರ ಏಪ್ರಿಲ್ 10ರಂದು, ಪ್ರಧಾನಿ ಥೆರೇಸಾ ಮೇ ಸಂಸತ್ತಿನಲ್ಲಿ ಆಳವಾದ ವಿಷಾದವನ್ನು ವ್ಯಕ್ತಪಡಿಸಿದರು. ಇಬ್ಬರೂ ದೇಶದ ಪರವಾಗಿ ಕ್ಷಮೆ ಬೇಡಲಿಲ್ಲ. ವಿಷಾದವು ಮಳೆ ಬಾರದುದಕ್ಕೂ ಆಗಬಹುದು. ಅದಕ್ಕೆ ಕರ್ತೃ ಬೇಕಾಗಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅಲ್ಲಿ ನೆಲದ ಮೇಲೆ ಉದ್ದಂಡ ಬಿದ್ದು ಪ್ರಾರ್ಥಿಸಿದರು. ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ತಮಗಿಲ್ಲವೆಂದೂ ಹೇಳಿದರು. ಅಧಿಕಾರವಿದ್ದವರ ಮಾತಿನಲ್ಲಿ ಬಾಗುವಿಕೆ ಇರಲಿಲ್ಲ, ಬಾಗಿದವರಿಗೆ ಅಧಿಕಾರವಿರಲಿಲ್ಲ. ರೈಲು ತಡವಾದಾಗ ನಿಲ್ದಾಣದಲ್ಲಿ ಕೇಳಿಬರುವ ವಿಷಾದದ ಘೋಷಣೆಯೂ ಇದೇ ಇಂಗ್ಲಿಷ್ ಪದದ ಅನುವಾದ.

ಪದ ಒಂದೇ ಅಲ್ಲ, ವ್ಯಾಕರಣವೂ ನುಣುಚಿಕೊಳ್ಳಲು ನೆರವಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಉಪಾಯಗಳುಂಟು. ‘ಯಾರಿಗಾದರೂ ನೋವಾಗಿದ್ದರೆ’ ಎಂದು ತಪ್ಪನ್ನೇ ಸಂದೇಹಕ್ಕೆ ಒಳಪಡಿಸುವುದು ಮೊದಲನೆಯದು. ಅಲ್ಲಿ ನೊಂದವರು ತಾವು ನೊಂದುದಕ್ಕೆ ರುಜುವಾತು ಒದಗಿಸಬೇಕಾಗುತ್ತದೆ. ‘ಕ್ಷಮಿಸಿ, ಆದರೆ’ ಎಂದು ಮುಂದುವರಿಸುವುದು ಎರಡನೆಯದು. ‘ಆದರೆ’ ಎಂಬುದರ ಮುಂದೆ ಬರುವುದೆಲ್ಲವೂ ಸಾಕ್ರಟೀಸನ ಕಾಲದ ಪ್ರತಿವಾದವೇ, ಸಾಕ್ರಟೀಸನ ಸತ್ಯವಿಲ್ಲದ ಪ್ರತಿವಾದ. ಕರ್ಮಣಿ ಪ್ರಯೋಗ ಮೂರನೆಯದು: ತಪ್ಪುಗಳು ಮಾಡಲ್ಪಟ್ಟವು ಎಂದು ಹೇಳಿ ಮಾಡಿದವನನ್ನು ಮರೆಯಲ್ಲಿರಿಸುವುದು. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಪ್ರಕರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಜನವರಿಯಲ್ಲಿ ಬಳಸಿದುದು ಈ ಪ್ರಯೋಗವನ್ನೇ.

ಆದರೆ ಅದೇ ರೇಗನ್ನರು ಮರುವರ್ಷ, 1988ರ ಆಗಸ್ಟ್ 10ರಂದು, ಬೇರೊಂದು ಬಗೆಯ ದಾಖಲೆಗೆ ಸಹಿ ಹಾಕಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರೂ, ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. 1988ರ ಕಾಯಿದೆಯು ಮಾಡಿದ ತಪ್ಪು ಯಾವುದೆಂದು ಹೆಸರಿಸಿತು. ಅದು ಅನ್ಯಾಯವೆಂದು ಒಪ್ಪಿತು. ರಾಷ್ಟ್ರದ ಪರವಾಗಿ ಕ್ಷಮೆ ಕೋರಿತು. ಬದುಕಿ ಉಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರು ಸಲ್ಲತಕ್ಕದ್ದೆಂದು ವಿಧಿಸಿತು. ಕಳೆದುಹೋದ ವರ್ಷಗಳಿಗೆ ಅದು ಬೆಲೆಯಲ್ಲ. ಆದರೂ ಅಲ್ಲಿ ಖಾತೆ ತೆರೆಯಿತು, ಬಾಕಿ ಬರೆಯಲ್ಪಟ್ಟಿತು, ಸ್ವಲ್ಪವಾದರೂ ಪಾವತಿಯಾಯಿತು. ಆದುದರಿಂದ ದೋಷವು ಇಂಗ್ಲಿಷ್ ಭಾಷೆಯದಲ್ಲ. ಒಂದೇ ಭಾಷೆಯಲ್ಲಿ, ಒಬ್ಬನೇ ಅಧ್ಯಕ್ಷನ ಕಾಲದಲ್ಲಿ, ಹದಿನೆಂಟು ತಿಂಗಳ ಅಂತರದಲ್ಲಿ ಎರಡೂ ಬಗೆಯ ಮಾತು ಸಾಧ್ಯವಾಯಿತು. ಆಯ್ಕೆ ಆಡುವವನದು.

ಕ್ಷಮಿಸುವವರ ಕಡೆಯ ನುಡಿಗಳನ್ನು ಈಗ ನೋಡಬೇಕು. ಇಲ್ಲಿ ಯಾರು ಯಾರನ್ನು ಕ್ಷಮಿಸಬೇಕೆಂಬ ದಿಕ್ಕು ಕೂಡ ತಪ್ಪಬಹುದು. ಗಣಿತಜ್ಞ ಅಲನ್ ಟ್ಯೂರಿಂಗ್ ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಸಂಕೇತಗಳನ್ನು ಭೇದಿಸಿ ಬ್ರಿಟನ್ನಿಗೆ ಮಹೋಪಕಾರ ಮಾಡಿದವರು. ಅಂದಿನ ಕಾನೂನಿನಂತೆ ಅಪರಾಧವಾಗಿದ್ದು ಇಂದು ಅಪರಾಧವೆನಿಸದ ಖಾಸಗಿ ವರ್ತನೆಗಾಗಿ 1952ರಲ್ಲಿ ಅವರಿಗೆ ಶಿಕ್ಷೆಯಾಯಿತು. 1954ರಲ್ಲಿ ಅವರು ತೀರಿಕೊಂಡರು. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೋರಿದರು. 2013ರ ಡಿಸೆಂಬರಿನಲ್ಲಿ ರಾಣಿಯಿಂದ ಅವರಿಗೆ ‘ಪಾರ್ಡನ್’ ದೊರೆಯಿತು. ಉದ್ದೇಶ ಒಳ್ಳೆಯದೇ. ಆದರೆ ಈ ಎರಡು ಮಾತುಗಳು ಎದುರುಬದುರಾದ ದಿಕ್ಕಿನವು. ಮೊದಲನೆಯದರಲ್ಲಿ ಸರ್ಕಾರ ಸಾಲಗಾರ. ಎರಡನೆಯದರಲ್ಲಿ ಅನ್ಯಾಯಕ್ಕೊಳಗಾದವನೇ ಸಾಲಗಾರ, ಸಿಂಹಾಸನವೇ ದಾನಿ. ಬಾಕಿ ಕೊಡಬೇಕಾದವನು ತಾನೇ ರಸೀತಿ ಬರೆದುಕೊಟ್ಟಂತೆ ಇದು.

ನಿತ್ಯಜೀವನದಲ್ಲಿ ‘ಸಾರಿ’ಗೆ ಬರುವ ಉತ್ತರಗಳು ‘ದಟ್ಸ್ ಆಲ್ ರೈಟ್’, ‘ನೆವರ್ ಮೈಂಡ್’, ‘ಫರ್ಗೆಟ್ ಇಟ್’, ‘ನೋ ಪ್ರಾಬ್ಲಂ’ ಎಂಬಿವು. ಇವುಗಳಲ್ಲಿ ಒಂದೂ ‘ಕ್ಷಮಿಸಿದೆ’ ಎನ್ನುವುದಿಲ್ಲ. ‘ಐ ಫರ್ಗಿವ್ ಯು’ ಎಂದು ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಅದು ಅಹಂಕಾರದ ಮಾತಿನಂತೆ ಕೇಳಿಸುತ್ತದೆ. ಕಾರಣ ಸ್ಪಷ್ಟ: ಕ್ಷಮಿಸಿದೆನೆಂದರೆ ತಪ್ಪು ನಡೆದಿದೆ ಎಂದು ಹೇಳಿದಂತೆ. ಸೌಜನ್ಯವು ಆ ಮಾತನ್ನು ಒಲ್ಲದು. ಆದ್ದರಿಂದ ತಪ್ಪೇ ನಡೆದಿಲ್ಲವೆಂದುಬಿಡುತ್ತದೆ. ಕನ್ನಡದ ‘ಪರವಾಗಿಲ್ಲ’ ಎಂಬುದೂ ಈ ಜಾತಿಯದೇ. ಕಾಲು ತುಳಿದ ಪ್ರಸಂಗಕ್ಕೆ ಇದು ಸಾಕು, ಸುಂದರವೂ ಹೌದು. ಇಂಗ್ಲಿಷರ ನಡವಳಿಕೆಯನ್ನು ಕುರಿತು 2004ರಲ್ಲಿ ಗ್ರಂಥ ಬರೆದ ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್, ತಾವೇ ಬೇಕೆಂದು ಜನರಿಗೆ ಢಿಕ್ಕಿ ಹೊಡೆದು ನೋಡಿದಾಗ, ಢಿಕ್ಕಿ ತಿಂದವರಲ್ಲಿ ಬಹುಪಾಲು ಜನರೇ ‘ಸಾರಿ’ ಎಂದರಂತೆ. ಇಂತಹ ‘ಸಾರಿ’ಯು ಎಣ್ಣೆಯಂತೆ, ಸಮಾಜದ ಚಕ್ರಗಳು ಸದ್ದು ಮಾಡದಂತೆ ನೋಡಿಕೊಳ್ಳುತ್ತದೆ. ಅದನ್ನು ನಿಂದಿಸಬೇಕಾಗಿಲ್ಲ.

ಆದರೆ ದೊಡ್ಡ ತಪ್ಪಿಗೂ ‘ನೆವರ್ ಮೈಂಡ್’ ಎಂದರೆ ಏನಾಗುತ್ತದೆಂಬುದನ್ನು ಬ್ಯಾಂಕಿನ ಲೆಕ್ಕದಿಂದ ತಿಳಿಯಬಹುದು. ಬ್ಯಾಂಕು ಒಂದು ಸಾಲವನ್ನು ‘ರೈಟ್ ಆಫ್’ ಮಾಡುವುದು ಬೇರೆ, ಮನ್ನಾ ಮಾಡುವುದು ಬೇರೆ. ‘ರೈಟ್ ಆಫ್’ ಮಾಡಿದಾಗ ಆ ಮೊತ್ತವನ್ನು ಆಸ್ತಿಯ ಲೆಕ್ಕದಿಂದ ತೆಗೆದುಹಾಕುತ್ತಾರೆ. ಆದರೆ ಸಾಲಗಾರನ ಹೊಣೆ ಹಾಗೆಯೇ ಉಳಿದಿರುತ್ತದೆ, ವಸೂಲಿಯ ಪ್ರಯತ್ನವೂ ಮುಂದುವರಿಯಬಹುದು. ಮನ್ನಾ ಮಾಡಿದಾಗ ಸಾಲವೇ ಇಲ್ಲವಾಗುತ್ತದೆ. ಆಸ್ತಿಯ ಪಾಲಿನಲ್ಲಿ ಮೋಸ ಹೋದ ತಮ್ಮನು ಅಣ್ಣನಿಗೆ ‘ಪರವಾಗಿಲ್ಲ’ ಎಂದು ಹೇಳಿ, ಹತ್ತು ವರ್ಷ ಅವನ ಮನೆಯ ಹೊಸ್ತಿಲು ತುಳಿಯದಿದ್ದರೆ ಅದು ‘ರೈಟ್ ಆಫ್’. ಬಾಕಿ ಎದೆಯೊಳಗಿನ ಬೇರೊಂದು ಪುಸ್ತಕದಲ್ಲಿ ಬಡ್ಡಿಯೊಡನೆ ಬೆಳೆಯುತ್ತಿರುತ್ತದೆ. ಕ್ಷಮೆ ಎಂಬುದು ಮನ್ನಾ. ಬಾಕಿ ಎಷ್ಟೆಂದು ಮೊದಲು ಇಬ್ಬರಿಗೂ ತಿಳಿದಿರಬೇಕು, ಆಮೇಲೆ ಬಿಡಬೇಕು. ಬಾಕಿ ಇರಲೇ ಇಲ್ಲವೆನ್ನುವವನಿಗೆ ಬಿಡುವುದಕ್ಕೆ ಏನೂ ಇರುವುದಿಲ್ಲ. 1726ರಲ್ಲಿ ಪ್ರಕಟವಾದ ಉಪದೇಶಗಳಲ್ಲಿ ಇಂಗ್ಲೆಂಡಿನ ಜೋಸೆಫ್ ಬಟ್ಲರ್ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿದ್ದರು. ಅನ್ಯಾಯವನ್ನು ಕಂಡು ಮನಸ್ಸು ಕೆರಳುವುದು ಸಹಜ. ಅದು ದ್ವೇಷಕ್ಕೂ ಪ್ರತೀಕಾರಕ್ಕೂ ತಿರುಗದಂತೆ ತಡೆಯುವುದೇ ಕ್ಷಮೆಯ ಸಾರ ಎಂಬುದು ಅವರ ಅಭಿಪ್ರಾಯ.

ತಪ್ಪನ್ನು ಸಾಲವೆಂದು ಕಾಣುವುದು ಅಂಗಡಿಯವರ ಚಪಲವಲ್ಲ. ಇಂಗ್ಲಿಷ್ ಭಾಷೆಯ ಧಾರ್ಮಿಕ ಪರಂಪರೆಯಲ್ಲಿಯೇ ಅದಕ್ಕೆ ಆಧಾರವುಂಟು. ಏಸುಕ್ರಿಸ್ತನು ಕಲಿಸಿದನೆನ್ನುವ ಪ್ರಾರ್ಥನೆಯು ಮತ್ತಾಯನ ಸುವಾರ್ತೆಯಲ್ಲಿದೆ. 1611ರ ಇಂಗ್ಲಿಷ್ ಅನುವಾದದಲ್ಲಿ, ದೇವರು ಕ್ಷಮಿಸಬೇಕಾದುದಕ್ಕೆ ‘ಡೆಟ್ಸ್’, ಅಂದರೆ ಸಾಲಗಳು, ಎಂಬ ಪದವೇ ಇದೆ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಗ್ರಂಥದಲ್ಲಿ ಅದೇ ಜಾಗದಲ್ಲಿ ‘ಟ್ರೆಸ್‌ಪಾಸಸ್’ ಎಂಬ ಪದವಿದೆ. ಈ ಪದದ ಮೂಲಾರ್ಥ ಗಡಿ ದಾಟಿ ಹೋಗುವುದು. ಇತರರ ಜಮೀನಿಗೆ ಅಕ್ರಮವಾಗಿ ಪ್ರವೇಶಿಸುವುದಕ್ಕೆ ಕಾನೂನಿನಲ್ಲಿ ಇಂದಿಗೂ ಅದೇ ಹೆಸರು. ಜೈನ ಓದುಗರಿಗೆ ಇಲ್ಲಿ ಒಂದು ಪರಿಚಿತ ಧ್ವನಿ ಕೇಳಿಸದಿರದು. ವ್ರತದ ಗಡಿಯನ್ನು ಮೀರುವುದಕ್ಕೆ ಆಚಾರ್ಯರು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮೀರಿ ಹೋದವನು ಹಿಂದಿರುಗಿ ಬರುವುದೇ ಪ್ರತಿಕ್ರಮಣ. ಟ್ರೆಸ್‌ಪಾಸ್ ಎಂದರೆ ಅತಿಕ್ರಮ. ಆದರೆ ಹಿಂದಿರುಗುವುದಕ್ಕೆ ಇಂಗ್ಲಿಷಿನ ನಿತ್ಯದ ಮಾತಿನಲ್ಲಿ ಒಂದು ಪದವಿಲ್ಲ. ‘ಸಾರಿ’ ಎಂದವನು ಗಡಿಯಾಚೆಯೇ ನಿಂತು ಕೈಬೀಸುತ್ತಾನೆ. ಹಿಂದಿರುಗಿ ಬಂದನೇ ಇಲ್ಲವೇ ಎಂದು ಆ ಮಾತಿನಿಂದ ತಿಳಿಯುವುದಿಲ್ಲ.

‘ಮಿಚ್ಛಾಮಿ ದುಕ್ಕಡಂ’ ಎಂಬ ಪ್ರಾಕೃತ ನುಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ನನ್ನ ದುಷ್ಕೃತವು ಮಿಥ್ಯೆಯಾಗಲಿ ಎಂದು ಅದರ ಅರ್ಥ. ಅದರಲ್ಲಿ ‘ನನ್ನ’ ಎಂಬುದಿದೆ. ಮಾಡಿದ್ದು ದುಷ್ಕೃತ ಎಂಬ ಒಪ್ಪಿಗೆಯೂ ಇದೆ. ‘ಆಗಿದ್ದರೆ’ ಎಂಬ ಸಂದೇಹವಿಲ್ಲ, ‘ಆದರೆ’ ಎಂಬ ವಾದವಿಲ್ಲ. ಅಲ್ಲದೆ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಮೊದಲಿಗೆ ಇಡುವುದು ಆಲೋಚನೆಯನ್ನು. ಅಂದರೆ ಮಾಡಿದ ತಪ್ಪನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವುದನ್ನು. ಮೊದಲು ಲೆಕ್ಕ ಒಪ್ಪಿಸಬೇಕು, ಉಳಿದುದೆಲ್ಲ ಆಮೇಲೆ.

ಇಷ್ಟನ್ನು ಹೇಳಿ ಹೆಮ್ಮೆಪಟ್ಟು ಮುಗಿಸುವಂತಿದ್ದರೆ ಈ ವಿಮರ್ಶೆಯ ಅಗತ್ಯವೇ ಇರುತ್ತಿರಲಿಲ್ಲ. ಇಂಗ್ಲಿಷ್ ನುಡಿಗಳಲ್ಲಿ ಕಂಡ ದೋಷಗಳು ಜೈನ ಸಮಾಜದ ನುಡಿಗಳಲ್ಲಿಯೂ ಸೇರಿಕೊಂಡಿವೆ. ದಶಲಕ್ಷಣ ಪರ್ವದ ಮೊದಲ ಧರ್ಮ ಉತ್ತಮ ಕ್ಷಮೆ. ಪರ್ವ ಮುಗಿದ ಬಳಿಕ ಬರುವುದು ಕ್ಷಮಾವಣಿ. ಅಂದು ಅಚ್ಚಾದ ಕಾರ್ಡುಗಳು ಬರುತ್ತವೆ. ಈಗ ಮೊಬೈಲಿನಲ್ಲಿ ಬಣ್ಣದ ಚಿತ್ರಗಳು ಬರುತ್ತವೆ. ‘ತಿಳಿದೋ ತಿಳಿಯದೆಯೋ ನೋವುಂಟುಮಾಡಿದ್ದರೆ ಕ್ಷಮಿಸಿ’ ಎಂಬ ಒಂದೇ ವಾಕ್ಯವನ್ನು ಒಬ್ಬರು ಇನ್ನೂರು ಜನರಿಗೆ ಒಂದೇ ಬೆರಳಿನಿಂದ ಕಳುಹಿಸುತ್ತಾರೆ. ‘ಉಂಟುಮಾಡಿದ್ದರೆ’ ಎಂಬ ಆ ರೂಪ ಇಂಗ್ಲಿಷಿನ ಮೊದಲನೆಯ ಉಪಾಯವೇ ಅಲ್ಲವೇ? ಇನ್ನೂರು ಜನರಲ್ಲಿ ನಿಜವಾಗಿ ನೊಂದವರು ಬಹುಶಃ ಇಬ್ಬರು ಮಾತ್ರ. ಆ ಇಬ್ಬರ ಹೆಸರು ಕಳುಹಿಸಿದವರಿಗೂ ಗೊತ್ತಿರುತ್ತದೆ. ಅವರಿಬ್ಬರ ಮನೆಗೆ ಮಾತ್ರ ಕಾಲು ಏಳುವುದಿಲ್ಲ. ಉಳಿದ 198 ಮಂದಿಗೆ ಕಳುಹಿಸಿದ ಸಂದೇಶವೇ ಆ ಸಂಕೋಚಕ್ಕೆ ಹೊದಿಕೆಯಾಗುತ್ತದೆ.

ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ವರ್ಷದ ಲೆಕ್ಕಪತ್ರವನ್ನು ಸಭೆಯ ಮುಂದಿಡದ ಆಡಳಿತ ಮಂಡಳಿಯು ಕ್ಷಮಾವಣಿಯ ದಿನ ಸಮಸ್ತ ಶ್ರಾವಕ-ಶ್ರಾವಿಕೆಯರಲ್ಲಿ ಕ್ಷಮೆ ಕೋರಿ ಸುತ್ತೋಲೆ ಹೊರಡಿಸಿದರೆ, ಅದು ‘ರಿಗ್ರೆಟ್’ ಅಷ್ಟೆ, ಆಲೋಚನೆಯಲ್ಲ. ಅಡುಗೆಯವರ, ಕಾವಲುಗಾರರ ಸಂಬಳವನ್ನು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡು ಅವರಿಗೂ ಕೈಮುಗಿದರೆ, ಮುಗಿದ ಕೈಗಳಲ್ಲಿ ಅವರಿಗೆ ಸಲ್ಲಬೇಕಾದ ಹಣವೇ ಅಡಗಿರುತ್ತದೆ. ಅಂತಹವರಿಂದ ‘ಇರಲಿ ಬಿಡಿ ಸ್ವಾಮಿ’ ಎಂಬ ಉತ್ತರ ಬರುವುದು ಅವರ ಕ್ಷಮೆಯಿಂದಲ್ಲ, ಅವರ ಅಸಹಾಯಕತೆಯಿಂದ. ಬಲವಿದ್ದವನು ಕೇಳಿದ ಕೂಡಲೇ ಕೊಡಲೇಬೇಕಾದ ಕ್ಷಮೆಯು ದಾನವಲ್ಲ, ವಸೂಲಿ.

ಕ್ಷಮೆಯನ್ನು ಅಪೇಕ್ಷಿಸದೆ ತಾನೇ ಎಲ್ಲರನ್ನೂ ಕ್ಷಮಿಸುವುದು ಧರ್ಮವಲ್ಲವೇ, ಇಷ್ಟೊಂದು ಲೆಕ್ಕಾಚಾರವೇಕೆ ಎಂದು ಕೆಲವರು ಕೇಳಬಹುದು. ಕ್ಷಮಿಸುವವನಿಗೆ ಲೆಕ್ಕ ಬೇಡ ಎಂಬುದು ಸತ್ಯ. ಸಾಲ ಕೊಟ್ಟವನು ಪತ್ರವನ್ನು ಹರಿದುಹಾಕುವುದು ಅವನ ಔದಾರ್ಯ. ಆದರೆ ಸಾಲಗಾರನೇ ಪತ್ರವನ್ನು ಹರಿದುಹಾಕಿ ಅದನ್ನು ಔದಾರ್ಯವೆಂದು ಕರೆಯಲಾಗದು. ಲೆಕ್ಕದ ಶಿಸ್ತು ಕ್ಷಮೆ ಬೇಡುವವನಿಗೆ, ಕೊಡುವವನಿಗಲ್ಲ.

ಕನ್ನಡದಲ್ಲಿ ಒಂದು ಹಳೆಯ ಮಾತುಂಟು: ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’. ಅದರ ಮೊದಲರ್ಧವು ‘ತಪ್ಪು ಮಾಡಿದೆ’ ಎನ್ನದೆ ‘ಆಯಿತು’ ಎಂದು ಕರ್ತೃವನ್ನು ಮರೆಮಾಡುತ್ತದೆ. ಅಷ್ಟರಮಟ್ಟಿಗೆ ಅದೂ ದೋಷಮುಕ್ತವಲ್ಲ. ಆದರೆ ಅದರ ಉತ್ತರಾರ್ಧವು ನೊಂದವರು ಎಂತಹ ಕಷ್ಟದ ಕೆಲಸ ಮಾಡಬೇಕೆಂಬುದನ್ನು ಬಲ್ಲದು. ಕಹಿಯನ್ನು ನುಂಗಿ ಅರಗಿಸಿಕೊಳ್ಳಬೇಕಾದವರು ಅವರು. ‘ಕ್ಷಮೆ’ ಎಂಬ ಸಂಸ್ಕೃತ ಪದದ ಧಾತುವಿಗೂ ಸಹಿಸುವುದು ಎಂದೇ ಅರ್ಥ. ಎಲ್ಲವನ್ನೂ ಸಹಿಸುವ ಭೂಮಿಗೂ ಅದೇ ಹೆಸರು. ಇನ್ನೊಬ್ಬರಿಂದ ಇಷ್ಟು ದೊಡ್ಡ ಕೆಲಸವನ್ನು ಕೇಳುವವನು ತನ್ನ ಪಾಲಿನ ಸಣ್ಣ ಕೆಲಸವನ್ನಾದರೂ ಮಾಡಬೇಕು.

ಆ ಸಣ್ಣ ಕೆಲಸ ಯಾವುದು? ಬರುವ ಕ್ಷಮಾವಣಿಯಂದು ಪ್ರತಿಯೊಂದು ಕುಟುಂಬವೂ ಇನ್ನೂರು ಸಂದೇಶಗಳ ಬದಲು ಒಂದು ಮನೆಗೆ ಹೋಗಲಿ. ‘ಇಂಥ ದಿನ ಇಂಥ ಮಾತನ್ನು ಆಡಿದೆ, ಅದು ತಪ್ಪು, ಅದರಿಂದ ನಿಮಗೆ ಇಷ್ಟು ನಷ್ಟವಾಯಿತು, ಇದನ್ನು ಹೀಗೆ ಸರಿಪಡಿಸುತ್ತೇನೆ, ಕ್ಷಮಿಸುವುದು ನಿಮಗೆ ಬಿಟ್ಟದ್ದು’ ಎಂದು ಹೇಳಲಿ. ಪ್ರತಿಯೊಂದು ಟ್ರಸ್ಟೂ ಸುತ್ತೋಲೆ ಹೊರಡಿಸುವ ಮೊದಲು ಬಾಕಿಯನ್ನು ಪಾವತಿ ಮಾಡಲಿ, ಲೆಕ್ಕವನ್ನು ಸಭೆಯ ಮುಂದಿಡಲಿ. ಎದುರಿನವರು ಕೂಡಲೇ ಕ್ಷಮಿಸದಿರಬಹುದು, ಬಾಗಿಲನ್ನೂ ತೆರೆಯದಿರಬಹುದು. ಅದು ಅವರ ಹಕ್ಕು. ಹೇಳಬೇಕಾದುದನ್ನು ಹೇಳಿ, ಕೊಡಬೇಕಾದುದನ್ನು ಕೊಟ್ಟು ಬಂದವನ ಕಡೆಯಿಂದ ಮಾತ್ರ ಖಾತೆ ನೇರ್ಪಟ್ಟಿರುತ್ತದೆ. ಬಸ್ಸಿನಲ್ಲಿ ಕಾಲು ತುಳಿದಾಗ ‘ಸಾರಿ’ ಸಾಕು; ಉಳಿದುದಕ್ಕೆ ಮನೆಯವರೆಗೆ ನಡೆದು ಹೋಗಬೇಕಾಗುತ್ತದೆ.